ಹಳೇ ಗೇಮು, ಹೊಸ ಹೆಡ್‌ಸೆಟ್ಟು

ಎಲ್ಲರಿಗೂ ನಮಸ್ಕಾರ. ವಿಆರ್ ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಗೇಮಿನೊಳಗೇ ನಿಂತಂತೆ ಕಾಣಿಸುವ ಸಾಧನ, ಅಂದ ಕೂಡಲೇ ಎಲ್ಲರೂ ಕೇಳುವುದು ಹೊಸ ಗೇಮ್ ಯಾವುದು ಬಂದಿದೆ ಅಂತ. ನಾನು ಇವತ್ತು ಹಳೆಯದರ ಪರ ವಕಾಲತ್ತು ವಹಿಸುತ್ತೇನೆ. ದಾವಣಗೆರೆಯ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಆಡಿದವರು ಈ ಸಭೆಯಲ್ಲೂ ಇದ್ದೀರಿ, ಅಲ್ವಾ? ಆ ಕಾಲದ ಗೇಮುಗಳೇ ಹೆಡ್‌ಸೆಟ್‌ಗೆ ಚೆನ್ನಾಗಿ ಒಗ್ಗುತ್ತವೆ.

ಯಾಕೆ? ಹೆಡ್‌ಸೆಟ್‌ಗೆ ಒಂದು ಚಿತ್ರ ಸಾಲದು. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಬೇಕು. ಅದೂ ಸೆಕೆಂಡಿಗೆ 72 ಅಥವಾ 90 ಸಲ. 90 ಅಂದರೆ ಒಂದು ಜೋಡಿ ಚಿತ್ರಕ್ಕೆ ಸಿಗುವುದು ಸುಮಾರು 11 ಮಿಲಿಸೆಕೆಂಡ್. ಇವತ್ತಿನ ಭಾರೀ ಗೇಮುಗಳು ಇಲ್ಲೇ ಏದುಸಿರು ಬಿಡುತ್ತವೆ. ಹಳೆಯವಕ್ಕೆ ಇದು ಲೆಕ್ಕಕ್ಕೇ ಇಲ್ಲ.

ಇನ್ನೊಂದು ಕಾರಣ, ಕೋಡ್. 1993ರ ಡೂಮ್ ಅನ್ನೋ ಶೂಟಿಂಗ್ ಗೇಮಿನ ಸೋರ್ಸ್ ಕೋಡನ್ನು, ಅಂದರೆ ಅದರ ಮೂಲ ಪ್ರೋಗ್ರಾಮನ್ನು, ಅದನ್ನು ಮಾಡಿದ ಐಡಿ ಸಾಫ್ಟ್‌ವೇರ್ ಕಂಪನಿ 1997ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದೇ ಕಂಪನಿಯ 1996ರ ಕ್ವೇಕ್ ಗೇಮಿನ ಕೋಡ್ 1999ರಲ್ಲಿ ಬಂತು. ಹಾಗಾಗಿ ಹವ್ಯಾಸಿಗಳು ಒಳಗೇ ಕೈ ಹಾಕಿ, ಪಿಸಿಯ ಹಂಗಿಲ್ಲದೆ ಕ್ವೆಸ್ಟ್ ಅನ್ನೋ ಹೆಡ್‌ಸೆಟ್‌ನಲ್ಲೇ ಕ್ವೇಕ್ ಓಡಿಸಿದರು. ಅಂದಹಾಗೆ, ಈ ಗೇಮುಗಳ ಎಂಜಿನ್, ಅಂದರೆ ಗೇಮನ್ನು ಓಡಿಸುವ ಪ್ರೋಗ್ರಾಮ್, ಬರೆದ ಜಾನ್ ಕಾರ್ಮ್ಯಾಕ್ ಅವರೇ 2012ರಲ್ಲಿ ಡೂಮ್ 3 ಗೇಮನ್ನು ಒಂದು ಮಾದರಿ ಹೆಡ್‌ಸೆಟ್‌ನಲ್ಲಿ ತೋರಿಸಿ, ಮರುವರ್ಷ ಹೆಡ್‌ಸೆಟ್ ಮಾಡುತ್ತಿದ್ದ ಆಕ್ಯುಲಸ್ ಕಂಪನಿ ಸೇರಿದರು. ಕೋಡ್ ಸಿಗದ ಗೇಮುಗಳಿಗೂ ದಾರಿ ಇದೆ. ಅನ್‌ರಿಯಲ್ 4 ಮತ್ತು 5 ಎಂಜಿನ್ ಗೇಮುಗಳಿಗೆ 2024ರಿಂದ ಯುಇವಿಆರ್ ಅನ್ನೋ ಉಚಿತ ಮಾಡ್, ಅಂದರೆ ಹವ್ಯಾಸಿಗಳು ಮಾಡಿದ ಮಾರ್ಪಾಡು, ಇದೆ.

ಆದರೆ ಎಲ್ಲ ಹಳೆಯದೂ ಚಿನ್ನವಲ್ಲ. ಡೂಮ್‌ನ ರಾಕ್ಷಸರು ಬರೀ ಚಪ್ಪಟೆ ಚಿತ್ರಗಳು. ಮಾನಿಟರ್‌ನಲ್ಲಿ ಗೊತ್ತಾಗುತ್ತಿರಲಿಲ್ಲ. ಹೆಡ್‌ಸೆಟ್ ಹಾಕಿ ಹತ್ತಿರ ಹೋದರೆ, ಥಿಯೇಟರ್ ಮುಂದೆ ನಿಲ್ಲಿಸಿದ ಕಟೌಟ್ ಥರ ಕಾಣುತ್ತಾರೆ. ಕ್ವೇಕ್‌ನಲ್ಲಿ ಹಾಗಲ್ಲ, ಅಲ್ಲಿ ಮೈಗೆ ದಪ್ಪ ಇದೆ. ನನ್ನ ಓಟು ಕ್ವೇಕ್‌ಗೇ.

ಇದಕ್ಕಿಂತ ದೊಡ್ಡ ತಲೆನೋವು ಕೈ. ಮಾನಿಟರ್ ಗೇಮಿನಲ್ಲಿ ಬಂದೂಕು ಸಾಮಾನ್ಯವಾಗಿ ಕೆಳಗೆ ಬಲಮೂಲೆಯಲ್ಲಿ ಅಂಟಿಕೊಂಡಿರುತ್ತದೆ. ಕಾಣುವಷ್ಟು ಭಾಗವನ್ನು ಮಾತ್ರ ಚಿತ್ರಿಸಿದರೆ ಸಾಕು. ಹೆಡ್‌ಸೆಟ್‌ನಲ್ಲಿ ಅದು ನಿಮ್ಮ ಕೈಗೆ ಬರಬೇಕು, ತಿರುಗಿಸಿ ನೋಡಿದರೆ ಆಚೆ ಬದಿಯೂ ಇರಬೇಕು. 2004ರ ಹಾಫ್-ಲೈಫ್ 2 ಗೇಮಿಗೆ 2022ರಲ್ಲಿ ಬಂದ ವಿಆರ್ ಮಾಡ್ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದೆ. ಗುಂಡು ಮುಗಿದರೆ ಒಂದು ಬಟನ್ ಒತ್ತಿ ಸುಮ್ನಿರುವ ಹಾಗಿಲ್ಲ. ಗುಂಡು ತುಂಬಿದ ಹೊಸ ಮ್ಯಾಗಜೀನನ್ನು ಬಂದೂಕಿಗೆ ಕೈಯಾರೆ ತುರುಕಬೇಕು. ಎದುರಿಂದ ಜಾಂಬಿ ಬರುತ್ತಿರುವಾಗ ಮಾಡಿ ನೋಡಿ, ಗೊತ್ತಾಗುತ್ತದೆ! ಬರೀ ತ್ರೀಡಿ ಕಾಣಿಸಿ, ಬಂದೂಕನ್ನು ಕೈಗೆ ಕೊಡದ ಮಾಡ್‌ಗಳು ನನಗೆ ಅರೆಬೆಂದ ಅಡುಗೆ.

ಹೊಟ್ಟೆ ತೊಳಸುವ ವಿಚಾರವನ್ನೂ ಹೇಳಬೇಕು. ಕಣ್ಣು ಓಡುತ್ತಿದ್ದೇನೆ ಅನ್ನುತ್ತದೆ, ಒಳಕಿವಿ ಕೂತಿದ್ದೇನೆ ಅನ್ನುತ್ತದೆ. ಹಳೇ ಗೇಮುಗಳಲ್ಲಿ ಓಟದ ವೇಗ ಜಾಸ್ತಿ, ಹಾಗಾಗಿ ಈ ಜಗಳವೂ ಜಾಸ್ತಿ. ಸೆಟ್ಟಿಂಗ್ಸ್‌ನಲ್ಲಿ ಸ್ನ್ಯಾಪ್ ಟರ್ನ್ ಹಾಕಿಕೊಳ್ಳಿ. ಅದು ಒಮ್ಮೆಗೆ 30 ಅಥವಾ 45 ಡಿಗ್ರಿ ಥಟ್ಟನೆ ತಿರುಗಿಸುತ್ತದೆ. ಓಡುವಾಗ ಅಂಚು ಕಪ್ಪಾಗುವ ಆಯ್ಕೆಯಿದ್ದರೆ ಅದೂ ಇರಲಿ. ತಲೆ ತಿರುಗಿದರೆ ಹಲ್ಲು ಕಚ್ಚಿ ಆಡಬೇಡಿ, ಹೆಡ್‌ಸೆಟ್ ತೆಗೆದುಬಿಡಿ. ಏಪ್ರಿಲ್ ಬಿಸಿಲಲ್ಲಂತೂ ಫ್ಯಾನ್ ಕೆಳಗೇ ಆಡಿ, ಬೆವರಿಗೆ ಲೆನ್ಸ್ ಮಂಜಾಗುತ್ತದೆ.

ಸರಿ, ಇಲ್ಲಿ ಕ್ವೇಕ್ ಹಾಕಿಟ್ಟಿದ್ದೇನೆ. ಒಬ್ಬೊಬ್ಬರಾಗಿ ಬನ್ನಿ. ಮೊದಲ ಸಲ ಹಾಕುವವರು ಕುರ್ಚಿಯಲ್ಲಿ ಕೂತೇ ಆಡಿ. ಕನ್ನಡಕ ಇರುವವರು ತೆಗೆಯಬೇಕಿಲ್ಲ, ಕನ್ನಡಕಕ್ಕೆ ಜಾಗ ಬಿಡುವ ಸ್ಪೇಸರ್ ಇದೆ.