ನೆಬೊ: ಷಷ್ಠಿ ಕೇಳದೆ ಪದವನ್ನು ನಂಬಬೇಡಿ

ರಷ್ಯನ್ ಮೊದಲಾದ ಸ್ಲಾವಿಕ್ ಭಾಷೆಗಳ ತಾಯಿ ಪ್ರೋಟೋ-ಸ್ಲಾವಿಕ್‌ನಲ್ಲಿ ಆಕಾಶಕ್ಕೆ 'ನೆಬೊ'. ಅದರ ಷಷ್ಠೀ ರೂಪ ಯಾವುದು? ರಷ್ಯನ್ ಬಲ್ಲವರು ಥಟ್ಟನೆ 'ನೆಬಾ' ಅಂತಾರೆ. ಇಂದಿನ ರಷ್ಯನ್‌ಗೆ ಅದು ಸರಿ. ಆದರೆ ಅದರ ಮುಂದೆ ನಕ್ಷತ್ರ ಚಿಹ್ನೆ (ಊಹಿಸಿ ಕಟ್ಟಿದ ರೂಪಕ್ಕೆ ಹಾಕುವ ಗುರುತು) ಹಾಕಿ ಮೂಲರೂಪ ಅಂದರೆ ತಪ್ಪು. ಮೂಲದ್ದು 'ನೆಬೆಸೆ'. ಹಾಗಾಗಿ ಹೀಗೆ ಸಕಾರ ಅಡಗಿಸಿಕೊಂಡ ಈ ಗುಂಪಿನ ಪದಗಳ ಪಾಠ ಷಷ್ಠಿಯಿಂದಲೇ ಶುರುವಾಗಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಯಾಕಂದ್ರೆ ಪ್ರಥಮಾ ವಿಭಕ್ತಿ ಇಲ್ಲಿ ಸುಳಿವನ್ನೇ ನುಂಗಿಬಿಟ್ಟಿದೆ. ಪದದ ಕೊನೆಯ ವ್ಯಂಜನಗಳೆಲ್ಲ ಬಿದ್ದುಹೋದ ಭಾಷೆ ಅದು. ಕೊನೆಯ ಸಕಾರ ಹೋದಮೇಲೆ ನೆಬೊ ನೋಡೋಕೆ 'ಸೆಲೊ' (ಹಳ್ಳಿ) ಥರದ ಮಾಮೂಲಿ ನಪುಂಸಕ ಪದದ ಹಾಗೇ ಆಯ್ತು. ಸೆಲೊಗೆ ಷಷ್ಠಿ ಸೆಲಾ. ಅದನ್ನು ನೋಡಿ ಜನ ಮುಂದೆ ನೆಬಾ ಅಂದರು.

ಕನ್ನಡದ ಕಿವಿಗೆ ಈ ಸಕಾರ ಹೊಸದಲ್ಲ. ಸಂಸ್ಕೃತದಿಂದ ಬಂದ ಮನಸ್ಸು, ತೇಜಸ್ಸುಗಳಲ್ಲಿ ಅದನ್ನು ಉಳಿಸಿಕೊಂಡಿದ್ದೀವಿ, 'ನಭ'ದಲ್ಲಿ ಬಿಟ್ಟಿದ್ದೀವಿ. ಸಂಸ್ಕೃತದ ನಭಸ್, ಸ್ಲಾವಿಕ್‌ನ ನೆಬೊ ಒಂದೇ ಮೂಲದವು. ನಭಸಃ, ನೆಬೆಸೆ ಅಂತ ಷಷ್ಠಿಗಳನ್ನು ಅಕ್ಕಪಕ್ಕ ಇಡಿ, ನಂಟು ಕಾಣುತ್ತೆ. ಒಂದು ಎಚ್ಚರ: 'ನಭೋಮಂಡಲ'ದ ಓಕಾರಕ್ಕೂ ನೆಬೊದ ಒಕಾರಕ್ಕೂ ಗಂಟು ಹಾಕಬೇಡಿ. ನಮ್ಮದು ವಿಸರ್ಗ ಸಂಧಿಯ ಫಲ, ಅವರದು ಬೇರೆ ದಾರಿಯಲ್ಲಿ ಬಂದದ್ದು.

ಏಕವಚನ: ಪ್ರಥಮಾ, ದ್ವಿತೀಯಾ ಎರಡಕ್ಕೂ ನೆಬೊ, ತೃತೀಯಾ ನೆಬೆಸಿಮಿ, ಚತುರ್ಥೀ ನೆಬೆಸಿ, ಷಷ್ಠೀ ಮತ್ತು ಸಪ್ತಮೀ ನೆಬೆಸೆ. ತೃತೀಯೆಯ ಎರಡೂ ಇಕಾರಗಳು ಅತಿ ಹ್ರಸ್ವ. ಅದರ ಪ್ರತ್ಯಯ ಇಕಾರಾಂತ ಪದಗಳಿಂದ ಎರವಲು ಬಂದದ್ದು. ಅದನ್ನು ಇಂಡೋ-ಯುರೋಪಿಯನ್ ಕಾಲಕ್ಕೆ ಎಳೆಯಬೇಡಿ. ಬಹುವಚನದ ಪ್ರಥಮಾ ನೆಬೆಸಾ. ದ್ವಿವಚನವೂ ಇತ್ತು, ನೆಬೆಸೆ ಅಂತಲೇ. ಆದರೆ ಅದರ ಕೊನೆಯ ಸ್ವರ ದೀರ್ಘ, 'ಯಾತ್' ಅನ್ನೋ ಬೇರೆಯದೇ ಧ್ವನಿ. ಪಟ್ಟಿ ಬರೆಯುವಾಗ ಜನ ಎಡವೋದು ಇಲ್ಲೇ.

ಪುರಾವೆ? ಹಳೆಯ ಚರ್ಚ್ ಸ್ಲಾವೊನಿಕ್ (ಬರಹದಲ್ಲಿ ಸಿಗುವ ಅತಿ ಹಳೆಯ ಸ್ಲಾವಿಕ್ ಭಾಷೆ) ಹಸ್ತಪ್ರತಿಗಳು. ಯೇಸು ಕಲಿಸಿದ ಪ್ರಾರ್ಥನೆಯ 'ಪರಲೋಕದಲ್ಲಿರುವ' ಅನ್ನೋ ಮಾತಿಗೆ ಅಲ್ಲಿ ಸಪ್ತಮೀ ಬಹುವಚನವೇ ಇದೆ: 'ನ ನೆಬೆಸಿಖು'. ರಷ್ಯನ್‌ನಲ್ಲಿ ಇವತ್ತಿಗೂ ಬಹುವಚನ ನೆಬೆಸಾ ಅಂತ ಉಳಿಯೋಕೆ ಈ ಚರ್ಚಿನ ಭಾಷೆಯ ಬಲವೂ ಇದೆ. ಅದನ್ನು 'ಅನಿಯಮಿತ ಬಹುವಚನ' ಅಂತ ಪಾಠ ಮಾಡೋದು ನನಗೆ ಒಪ್ಪಿಗೆಯಿಲ್ಲ. ಆ ಸಕಾರ ಪ್ರಕೃತಿಯದೇ, ಅಂದರೆ ಪ್ರತ್ಯಯ ಸೇರುವ ಮೂಲ ಪದದ್ದೇ.

ಚಕ್ರದ ಕಥೆ ಇದಕ್ಕೆ ಉಲ್ಟಾ. ಮೂಲ 'ಕೊಲೊ', ಷಷ್ಠಿ 'ಕೊಲೆಸೆ'. ರಷ್ಯನ್ನರು ಪ್ರಥಮೆಯನ್ನೇ ಕೈಬಿಟ್ಟು, ಉಳಿದ ವಿಭಕ್ತಿಗಳ ಪ್ರಕೃತಿಯಿಂದ 'ಕೊಲೆಸೊ' ಅಂತ ಹೊಸ ಪ್ರಥಮೆ ಕಟ್ಟಿಕೊಂಡರು.