ಅಕ್ರಗಾಸ್ ಅಗ್ರಿಗೆಂಟುಮ್ ಆದ ಕಥೆ

ಕೇಳುಗರಿಗೆ ನಮಸ್ಕಾರ.

ಇಟಲಿಯ ಸಿಸಿಲಿ ದ್ವೀಪದ ತೆಂಕಣ ಕರಾವಳಿಯಲ್ಲಿ ಅಗ್ರಿಜೆಂತೊ ಅಂತ ಒಂದು ಊರಿದೆ. ಕ್ರಿಸ್ತಪೂರ್ವ 580ರ ಸುಮಾರಿಗೆ ಗೆಲಾ ಪಟ್ಟಣದಿಂದ ಬಂದ ಗ್ರೀಕರು ಕಟ್ಟಿದ ಊರು. ಅವರು ಕರೆದದ್ದು ಅಕ್ರಗಾಸ್ ಎಂದು. ಪಕ್ಕದ ಹೊಳೆಗೂ ಅದೇ ಹೆಸರು. ಮಣ್ಣು, ನೀರು, ಗಾಳಿ, ಬೆಂಕಿ, ಈ ನಾಲ್ಕರಿಂದಲೇ ಎಲ್ಲವೂ ಆಗಿದೆ ಎಂದ ಎಂಪೆಡೊಕ್ಲಿಸ್ ಇಲ್ಲಿಯವನೇ.

ರೋಮ್‌ಗೂ ಆಫ್ರಿಕಾದ ಕಾರ್ಥೇಜ್ ಪಟ್ಟಣಕ್ಕೂ ನಡೆದ ಮೊದಲನೇ ಪ್ಯೂನಿಕ್ ಯುದ್ಧದಲ್ಲಿ, ಕ್ರಿಸ್ತಪೂರ್ವ 262ರಲ್ಲಿ, ರೋಮನ್ನರು ಬಂದು ಊರನ್ನು ಮುತ್ತಿದರು. ಗೆದ್ದ ಮೇಲೆ ಜನರನ್ನು ಗುಲಾಮರಾಗಿ ಮಾರಿದರು. ಅವರ ಲ್ಯಾಟಿನ್ ಭಾಷೆಯಲ್ಲಿ ಊರು ಅಗ್ರಿಗೆಂಟುಮ್ ಆಯಿತು.

ಅಕ್ರಗಾಸ್‌ನಲ್ಲಿ ಇಲ್ಲದ 'ಂಟ' ಎಲ್ಲಿಂದ ಬಂತು? ನಾವು 'ಮರ' ಅನ್ನುತ್ತೇವೆ. 'ಮರದ ಕೊಂಬೆ' ಅನ್ನುವಾಗ ನಡುವೆ ಒಂದು ದಕಾರ ನುಸುಳುತ್ತದೆ, ಅಲ್ವಾ? ಗ್ರೀಕಿನಲ್ಲೂ ಹಾಗೇ. 'ಅಕ್ರಗಾಸ್‌ನ' ಎನ್ನಲು 'ಅಕ್ರಗಾಂಟೊಸ್' ಎನ್ನಬೇಕು. ರೋಮನ್ನರ ಕಿವಿಗೆ ಬಿದ್ದದ್ದು ಆ ರೂಪ. ಅದಕ್ಕೆ ತಮ್ಮ 'ಉಮ್' ಅಂಟಿಸಿಕೊಂಡರು, ಕಕಾರ ಗಕಾರವಾಯಿತು.

ಗುಡಿಗಳಿಗೂ ಲ್ಯಾಟಿನ್ ಅಂಟಿತು. ಊರಿನ ಕೆಳಗಿನ ದಿಬ್ಬದ ಮೇಲೆ ಗ್ರೀಕ್ ದೇವಾಲಯಗಳ ಸಾಲೇ ಇದೆ. ದಿಬ್ಬವಾದರೂ ಜನ ಅದನ್ನು 'ಗುಡಿಗಳ ಕಣಿವೆ' ಅನ್ನುತ್ತಾರೆ, ಯಾಕೋ! ಅಲ್ಲಿ ಜಾಸ್ತಿ ಹಾಳಾಗದೆ ನಿಂತಿರುವ ಗುಡಿಗೆ ಕಾಂಕೊರ್ಡಿಯಾ ಎಂದು ಹೆಸರು. ಕಾಂಕೊರ್ಡಿಯಾ ರೋಮನ್ನರ ದೇವತೆ. ಹತ್ತಿರದಲ್ಲಿ ಆ ಹೆಸರಿನ ಲ್ಯಾಟಿನ್ ಶಾಸನವೊಂದು ಸಿಕ್ಕಿತು, ಅಷ್ಟೇ. ಗುಡಿಗೂ ಶಾಸನಕ್ಕೂ ಸಂಬಂಧವೇ ಇಲ್ಲ. ಮುಂದೆ ಗುಡಿಯನ್ನು ಚರ್ಚು ಮಾಡಿಕೊಂಡಿದ್ದರಿಂದ ಅದು ಉಳಿಯಿತು.

ಆಮೇಲೆ ಅರಬರು ಬಂದರು. ಹೆಸರು ಅವರ ಬಾಯಲ್ಲಿ ತಿರುಗಿ, ಕೊನೆಗೆ ಜಿರ್ಜೆಂತಿ ಎಂದು ನಿಂತಿತು. ನೊಬೆಲ್ ಪಡೆದ ನಾಟಕಕಾರ ಪಿರಾಂಡೆಲೊ 1867ರಲ್ಲಿ ಹುಟ್ಟಿದಾಗ ಊರಿಗೆ ಇದೇ ಹೆಸರು. 1927ರಲ್ಲಿ ಮುಸೊಲಿನಿ ಸರ್ಕಾರ ಅದನ್ನು ತೆಗೆದು, ಲ್ಯಾಟಿನ್ ಹೆಸರಿನಿಂದ ಅಗ್ರಿಜೆಂತೊ ಮಾಡಿತು. ಹಳೆಯ ಹೆಸರೇ ಬೇಕಿದ್ದರೆ ಅಕ್ರಗಾಸ್ ಇರಲಿಲ್ಲವೇ? ಆದರೆ ಮುಸೊಲಿನಿಗೆ ಬೇಕಾಗಿದ್ದದ್ದು ರೋಮ್. ನೂರಾರು ವರ್ಷ ಜನ ಆಡಿಕೊಂಡು ಬಂದ ಹೆಸರನ್ನು ಹೀಗೆ ಸುಮ್ನೆ ಕಿತ್ತದ್ದು ನನಗೇನೋ ಸರಿ ಕಾಣುವುದಿಲ್ಲ.

2016ರಲ್ಲಿ ಊರಿನ ಹಳೇ ಪೇಟೆಗೆ ಮಾತ್ರ ಜಿರ್ಜೆಂತಿ ಹೆಸರು ಮರಳಿ ಬಂತು. ಅಕ್ರಗಾಸ್ ಎಂಬ ಕೂಗು ಕೇಳಬೇಕಾದರೆ ಫುಟ್‌ಬಾಲ್ ಮೈದಾನಕ್ಕೆ ಹೋಗಬೇಕು. ಊರಿನ ತಂಡದ ಹೆಸರು ಅದು.