ಬಂಡೆಯ ಮೇಲಿನ ಬಿಳಿ ಪಟ್ಟಿ: ಅಪ್ಪನೊಂದಿಗೆ ಮೀಡ್ ಸರೋವರದಲ್ಲಿ

ನಮಸ್ಕಾರ. ಈಗ ನೀವು ನೋಡುತ್ತಿರುವುದು ನೆವಾಡಾ ಮತ್ತು ಅರಿಝೋನಾ ರಾಜ್ಯಗಳ ಗಡಿಯಲ್ಲಿ, ಕೊಲೊರಾಡೊ ನದಿಗೆ ಕಟ್ಟಿದ ಹೂವರ್ ಅಣೆಕಟ್ಟಿನ ಹಿಂದೆ ನಿಂತಿರುವ ಮೀಡ್ ಸರೋವರ. ಬಂದ ದಾರಿಯನ್ನು ನಾನು ವಿವರಿಸುವುದಿಲ್ಲ. ಆ ಒಣ ಬೆಟ್ಟಗಳನ್ನು ನೀವೇ ನೋಡಿದಿರಿ. ಮಂಡ್ಯದಿಂದ ಬಂದಿರುವ ನನ್ನ ತಂದೆಯವರು ಕಾರಿನಿಂದ ಇಳಿಯುತ್ತಲೇ ಕೇಳಿದ್ದು, "ಕಟ್ಟೆ ಎಷ್ಟು ಅಡಿ ಇದೆ ಮಗಾ?" ಎಂದು. ಪತ್ರಿಕೆಯಲ್ಲಿ ಕನ್ನಂಬಾಡಿಯ ನೀರಿನ ಮಟ್ಟವನ್ನು ನೋಡಿದ ಮೇಲೆಯೇ ಮಿಕ್ಕ ಸುದ್ದಿಗೆ ಕಣ್ಣು ಹಾಯಿಸುವ ರೈತರು ಅವರು.

ಇಲ್ಲಿ ಮಟ್ಟವನ್ನು ಸಮುದ್ರಮಟ್ಟದಿಂದ ಅಳೆಯುತ್ತಾರೆ. 1983ರ ಬೇಸಿಗೆಯಲ್ಲಿ ನೀರು 1,225 ಅಡಿ ದಾಟಿ ಕೋಡಿ ಹರಿದಿತ್ತು. 2022ರ ಜುಲೈಯಲ್ಲಿ ಅದು ಸುಮಾರು 1,040 ಅಡಿಗೆ ಇಳಿಯಿತು. ಎದುರಿನ ಬಂಡೆಗಳ ಮೇಲೆ ಕಾಣುವ ಬಿಳಿ ಪಟ್ಟಿಯು ನೀರಿನಲ್ಲಿದ್ದ ಸುಣ್ಣದಂಶ ಕಲ್ಲಿಗೆ ಅಂಟಿ ಉಳಿಸಿದ ಗುರುತು. ನಮ್ಮ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಇಲ್ಲಿ ಇಳಿದದ್ದೇ ಅದಕ್ಕಿಂತ ಹೆಚ್ಚು ಎಂದಾಗ ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಈ ಸರೋವರ ತುಂಬಿದರೆ ಸಾವಿರ ಟಿಎಂಸಿಗೂ ಹೆಚ್ಚು ನೀರು, ಅಂದರೆ ಇಪ್ಪತ್ತಕ್ಕೂ ಹೆಚ್ಚು ಕನ್ನಂಬಾಡಿಗಳು.

ಇದು ಬೋಲ್ಡರ್ ಬೀಚ್. ಇಲ್ಲಿ ನಡೆದದ್ದನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನದಿಯ ನೀರನ್ನು ಮುಟ್ಟುವ ಮೊದಲು ಚಪ್ಪಲಿ ಬಿಡುವುದು ಅಪ್ಪನ ರೂಢಿ. "ಕಲ್ಲು ಕಾದಿದೆ ಅಪ್ಪಾ, ಹಾಕಿಕೊಳ್ಳಿ" ಎಂದು ನಾನು ಹೇಳುವಷ್ಟರಲ್ಲಿ ಅವರು ದಡಕ್ಕೆ ಇಳಿದಾಗಿತ್ತು. ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹಿಂದಿರುಗುವಾಗ ಅವರ ಅಂಗಾಲಿನಿಂದ ರಕ್ತ ಸುರಿಯುತ್ತಿತ್ತು. ಕಲ್ಲಿಗೆ ಕಚ್ಚಿಕೊಂಡಿದ್ದ, ಹೆಬ್ಬೆರಳಿನ ಉಗುರಿನಷ್ಟು ಪುಟ್ಟ ಕಪ್ಪೆಚಿಪ್ಪುಗಳು ಬ್ಲೇಡಿನಂತೆ ಕೊಯ್ದಿದ್ದವು. ಕಾರಿನಲ್ಲಿ ಬ್ಯಾಂಡೇಜ್ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಒಂದು ಮೆಕ್ಸಿಕನ್ ಕುಟುಂಬದ ಅಜ್ಜಿಯೊಬ್ಬರು ತಾವೇ ಬಂದು ಗಾಯ ತೊಳೆದು ಬಟ್ಟೆ ಕಟ್ಟಿದರು. ಅವರ ಮಾತು ಅಪ್ಪನಿಗೆ ತಿಳಿಯದು, ಅಪ್ಪನ ಮಾತು ಅವರಿಗೆ ತಿಳಿಯದು. ಅವರು ಎದ್ದು ಹೋಗುವಾಗ ಅಪ್ಪ ಕೈ ಮುಗಿದರು.

ಆ ಚಿಪ್ಪುಗಳು ಈ ನೆಲದವಲ್ಲ. ಕ್ವಾಗಾ ಎಂಬ ಹೆಸರಿನ ಈ ಜೀವಿಯ ಮೂಲ ಉಕ್ರೇನಿನ ನದಿಗಳು, ಇಲ್ಲಿ ಅದು ಮೊದಲು ಪತ್ತೆಯಾದದ್ದು 2007ರ ಜನವರಿಯಲ್ಲಿ. ಅದು ಕೊಳವೆಗಳ ಒಳಗೆ ಪದರು ಪದರಾಗಿ ಬೆಳೆದು, ಅಣೆಕಟ್ಟಿನ ಯಂತ್ರಗಳನ್ನು ತಣ್ಣಗಿಡುವ ನೀರಿನ ದಾರಿಯನ್ನೇ ಕಟ್ಟಿಬಿಡುತ್ತದೆ. ಆದ್ದರಿಂದಲೇ, ಅದು ಬೇರೆ ಕೆರೆಗಳಿಗೆ ಹರಡದಂತೆ, ದೋಣಿಗಳನ್ನು ಸರೋವರದಿಂದ ಎತ್ತಿದ ಕೂಡಲೇ ತೊಳೆದು, ಒಳಗಿನ ನೀರು ಬಸಿದು, ಒಣಗಿಸಬೇಕೆಂಬ ನಿಯಮವಿದೆ. ವಿಹಾರಕ್ಕೆ ಬರುವವರು ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಲೇಬೇಕು.

ಬೆಳಿಗ್ಗೆ ಈ ವಿಹಾರದ ದೋಣಿಗಳನ್ನು ಕಂಡು ನನಗೆ ಸಿಟ್ಟು ಬಂದಿತ್ತು. ನೀರಿಗೆ ಬರವಿರುವಾಗ ಮೋಜು ಏಕೆ ಎಂದು ಕ್ಯಾಮೆರಾದ ಮುಂದೆಯೇ ಹೇಳಿದ್ದೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ದೋಣಿ ನೀರು ಕುಡಿಯುವುದಿಲ್ಲ. ಲಾಸ್ ವೇಗಸ್ ನಗರವನ್ನು ದೂರುವುದೂ ಅಷ್ಟು ಸರಿಯಲ್ಲ, ಏಕೆಂದರೆ ಅಲ್ಲಿನ ಮನೆಗಳ ಒಳಗೆ ಬಳಸಿದ ನೀರು ಶುದ್ಧೀಕರಣಗೊಂಡು ಬಹುಪಾಲು ಇದೇ ಸರೋವರಕ್ಕೆ ಮರಳುತ್ತದೆ. ತಪ್ಪು ಲೆಕ್ಕದಲ್ಲಿದೆ. 1922ರ ಒಪ್ಪಂದದಲ್ಲಿ, ಮಳೆ ಚೆನ್ನಾಗಿದ್ದ ವರ್ಷಗಳ ಹರಿವನ್ನು ನಂಬಿ, ನದಿಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ತಲಾ 75 ಲಕ್ಷ ಎಕರೆ-ಅಡಿ ಹಂಚಿದರು (ಒಂದು ಎಕರೆ-ಅಡಿ ಎಂದರೆ ಒಂದು ಎಕರೆ ನೆಲದ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು). 1944ರಲ್ಲಿ ಮೆಕ್ಸಿಕೋಗೆ ಇನ್ನೂ 15 ಲಕ್ಷ ಸೇರಿಸಿದರು. ನದಿಯಲ್ಲಿ ಇಲ್ಲದ ನೀರನ್ನು ಕಾಗದದ ಮೇಲೆ ಕೊಟ್ಟಂತಾಯಿತು.

ಅದರ ಫಲವನ್ನು ಉಂಡವರು ರೈತರು. 2021ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಇಲ್ಲಿ ಅಧಿಕೃತವಾಗಿ ನೀರಿನ ಕೊರತೆಯನ್ನು ಘೋಷಿಸಿದಾಗ, ಮುಂದಿನ ವರ್ಷಕ್ಕೆ ಅರಿಝೋನಾದ ಪಾಲಿನಲ್ಲಿ ಸುಮಾರು 22 ಟಿಎಂಸಿ ಕಡಿತವಾಯಿತು. ಕ್ಯಾಲಿಫೋರ್ನಿಯಾದ ಹಕ್ಕು ಹಳೆಯದಾದ್ದರಿಂದ ಇಂಪೀರಿಯಲ್ ಕಣಿವೆಯ ಹೊಲಗಳಿಗೆ ನಾಲೆಯಲ್ಲಿ ನೀರು ಹರಿಯಿತು. ಅರಿಝೋನಾದ ಪಿನಾಲ್ ಕೌಂಟಿಯ ರೈತರು ಹೊಲಗಳನ್ನು ಬೀಳು ಬಿಟ್ಟರು. "ಹಾಗಾದರೆ ಕೊನೆಯ ಭಾಗದ ರೈತನ ಕಷ್ಟ ಇಲ್ಲಿಯೂ ಅದೇ" ಎಂದು ಅಪ್ಪ ಹೇಳಿದಾಗ, ಇಲ್ಲಿ ನಾಲೆಯ ಕೊನೆಗಿಂತ ಹಕ್ಕಿನ ವಯಸ್ಸು ಮುಖ್ಯ ಎಂದು ನಾನು ತಿದ್ದಿದೆ. "ಒಣಗುವ ಬೆಳೆಗೆ ಎರಡೂ ಒಂದೇ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಅಣೆಕಟ್ಟಿನ ಮೇಲಿದ್ದೇವೆ. 726 ಅಡಿ ಎತ್ತರ, 1935ರಲ್ಲಿ ಉದ್ಘಾಟನೆ, ಕೆಳಗೆ 17 ಟರ್ಬೈನ್‌ಗಳು. ನೀರಿನ ಮಟ್ಟ ಕುಸಿದಷ್ಟೂ ಒತ್ತಡ ತಗ್ಗಿ ವಿದ್ಯುತ್ ಕಡಿಮೆಯಾಗುತ್ತದೆ. 950 ಅಡಿಗಿಂತ ಕೆಳಗಿಳಿದರೆ ಒಂದು ಟರ್ಬೈನ್ ಕೂಡ ತಿರುಗದು, 895ಕ್ಕೆ ಇಳಿದರೆ ಅಣೆಕಟ್ಟಿನಿಂದ ಕೆಳಕ್ಕೆ ನೀರೇ ಹೋಗದು. ಆ ಗೋಪುರಗಳ ಗಡಿಯಾರಗಳನ್ನು ನೋಡಿ: ಒಂದು ನೆವಾಡಾದ ಸಮಯ, ಇನ್ನೊಂದು ಅರಿಝೋನಾದ್ದು. ಚಳಿಗಾಲದಲ್ಲಿ ಒಂದು ಗಂಟೆ ವ್ಯತ್ಯಾಸವಿರುತ್ತದೆ, ಬೇಸಿಗೆಯಲ್ಲಿ ನೆವಾಡಾ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ. ಈಗ ಜೂನ್ ಆದ್ದರಿಂದ ಎರಡೂ ಆರೂವರೆ ತೋರಿಸುತ್ತಿವೆ.

ಮಂಡ್ಯದಲ್ಲಿ ಈಗ ಬೆಳಗಿನ ಏಳು ಗಂಟೆ. ಬ್ಯಾಟರಿ ಮುಗಿಯುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಹಿಂದೆ ಕೇಳಿಸುತ್ತಿರುವುದು ಅಪ್ಪನ ದನಿ. ಊರಿಗೆ ಫೋನ್ ಮಾಡಿ, ಕಟ್ಟೆಗೆ ಒಳಹರಿವು ಶುರುವಾಯಿತೇ ಎಂದು ಕೇಳುತ್ತಿದ್ದಾರೆ.